ಇಬ್ಬರಾಗಿದ್ದ ನಮ್ಮ ವೈನಿ

ಮೊನ್ನೆ ಮಧ್ಯಾಹ್ನ ಕಾಲೇಜಿನ ಗ್ರಂಥಾಲಯದಲ್ಲಿ ಯಾರೋ ಊಟದ ಡಬ್ಬಿ ಬಿಚ್ಚಿದರು. ಶೇಂಗಾ ಹೋಳಿಗೆ! ಗ್ರಂಥಪಾಲಕಿಯಾದ ನಾನು ಎದ್ದು ಹೋಗಿ ಗದರಿಸಬೇಕಾಗಿತ್ತು, ಗದರಿಸಲಿಲ್ಲ. ಹುರಿದ ಶೇಂಗಾ, ಬೆಲ್ಲ, ಏಲಕ್ಕಿಯ ಆ ವಾಸನೆಗೆ ವೈನಿ ನೆನಪಾಗಿ ಕೂತಲ್ಲೇ ಕೂತುಬಿಟ್ಟೆ...

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಸೊಲ್ಲಾಪುರದಲ್ಲಿ ನಮ್ಮದು ಚಾದರ ಮಾರುವ ಮನೆತನ; ಓದಿದವರು ಕಡಿಮೆ, ಮಾತಾಡುವವರು ಜಾಸ್ತಿ. ಅಂಥ ಮನೆಗೆ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ವೈನಿ ಸೊಸೆಯಾಗಿ ಬಂದರು. ನಮ್ಮಲ್ಲಿ ಮದುವೆಯಾದ ಹೆಣ್ಣಿಗೆ ಅಡ್ಡಹೆಸರಷ್ಟೇ ಅಲ್ಲ, ಕರೆಯುವ ಹೆಸರೂ ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರು ಬರೆಯಬೇಕು. ಹೆಸರು ಆರಿಸಿದವಳು ನಮ್ಮವ್ವ, ಬರೆದವನು ಅಣ್ಣ, ಪೇಢೆ ತಿಂದವರು ನಾವೆಲ್ಲ. ತವರಿನ ಹೆಸರಿನ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು.

ಮದುವೆಗೆ ಮೊದಲು ವೈನಿ ಬರೆದ ಪ್ರಬಂಧಗಳೆಲ್ಲ, ನಾಲ್ಕು ಜನ ನೋಡುತ್ತಿರುವಾಗ ಮನುಷ್ಯ ಯಾಕೆ ‘ಒಲ್ಲೆ’ ಅನ್ನಲಾರ ಎಂಬುದರ ಮೇಲೆ. ಮದುವೆಯ ನಂತರ ನಮ್ಮವ್ವನಿಗೆ ಸಕ್ಕರೆ ಕಾಯಿಲೆ ಬಂತು. ಅವ್ವ ಗುಳಿಗೆಯನ್ನೂ ತಪ್ಪಿಸುತ್ತಿರಲಿಲ್ಲ, ಬೇರೆಯವರ ಮನೆಯ ಸಿಹಿಯನ್ನೂ ತಪ್ಪಿಸುತ್ತಿರಲಿಲ್ಲ! ವೈನಿ ‘ಒಲ್ಲೆ’ ಅನ್ನಲಾರದ ಅದೇ ಎಳೆ ಹಿಡಿದು, ಸಕ್ಕರೆ ಕಾಯಿಲೆಯವರನ್ನು ಮಾತಾಡಿಸಲು ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಗೆ ಓಡಾಡತೊಡಗಿದರು. ರಜೆಯ ದಿನ ನಾನೂ ಅವರ ಜೊತೆ ಬಸ್ಸು ಹತ್ತುತ್ತಿದ್ದೆ.

ತಡವಳ ಎಂಬ ಹಳ್ಳಿಯಲ್ಲಿ ಸಕ್ಕರೆ ಕಾಯಿಲೆಯಿದ್ದ ಹೆಂಗಸೊಬ್ಬಳು “ಸಿಹಿ ಮುಟ್ಟೂದ ಇಲ್ರಿ ಅಕ್ಕಾರ” ಎನ್ನುತ್ತಲೇ ನಮಗೆ ಶೇಂಗಾ ಹೋಳಿಗೆ ಬಡಿಸಿದಳು. ತಾನೂ ಒಂದು ಹಾಕಿಕೊಂಡಳು. ಇದೇನೆಂದು ಕೇಳಿದರೆ, “ಬಂದವರನ್ನಷ್ಟ ಉಣ್ಣಾಕ ಬಿಟ್ಟು ನಾ ಸುಮ್ನ ಕುಂತ್ರ ಹೆಂಗ್ರಿ? ಮನಿ ಮರ್ಯಾದಿ ಏನಾಗಬೇಕು?” ಎಂದಳು. ವೈನಿ ತಮ್ಮ ತಾಟು ಸರಿಸಿ, “ಹಂಗಾರ ನಾನೂ ಒಲ್ಲೆ. ಇಬ್ರೂ ರೊಟ್ಟಿ ಚಟ್ನಿ ತಿನ್ನೂಣು ಬರ್ರಿ” ಎಂದರು. ಆಕೆಯ ಮುಖ ಎಷ್ಟು ಹಗುರಾಯಿತೆಂದರೆ, ತನ್ನ ಹೋಳಿಗೆಯನ್ನು ತಕ್ಷಣ ಮರಳಿ ಬುಟ್ಟಿಗೆ ಹಾಕಿಬಿಟ್ಟಳು. ನಾನು ಮಾತ್ರ ನನ್ನ ಪಾಲಿನದನ್ನು ಬಿಡಲಿಲ್ಲ ಅನ್ನಿ. ರೋಗಿಗಿಂತ ಮೊದಲು ಅತಿಥಿಗೆ ಬುದ್ಧಿ ಹೇಳಬೇಕು ಎಂಬ ವೈನಿಯ ಹೆಸರುವಾಸಿ ಪ್ರಬಂಧ ಹುಟ್ಟಿದ್ದು ಆ ಅಂಗಳದಲ್ಲಿ.

ಆಮೇಲೆ ಮನಶ್ಶಾಸ್ತ್ರದ ಪ್ರಾಧ್ಯಾಪಕ ಹುದ್ದೆಯ ಸಂದರ್ಶನ ಬಂತು. ಸಂಶೋಧಕರನ್ನು ಅಳೆಯುವುದಕ್ಕೆ ಈಗೊಂದು ಲೆಕ್ಕವಿದೆ. ನೀವು ಬರೆದದ್ದನ್ನು ಎಷ್ಟು ಜನ ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದಾರೆ ಎಂದು ಕಂಪ್ಯೂಟರು ಎಣಿಸಿ ಕೊಡುತ್ತದೆ. ಅದು ವೈನಿಯನ್ನು ಇಬ್ಬರನ್ನಾಗಿ ಮಾಡಿತ್ತು! ತವರಿನ ಹೆಸರಿನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆ, ಅಕ್ಕಿಯಲ್ಲಿ ಬರೆದ ಹೆಸರಿನಲ್ಲಿ ಒಬ್ಬ ಸಕ್ಕರೆ ಕಾಯಿಲೆಯ ಸಂಶೋಧಕಿ. ಆ ಮೊದಲನೆಯವರು ನೀವಲ್ಲ, ಈ ಎರಡನೆಯದು ನಮ್ಮ ವಿಷಯವಲ್ಲ ಎಂದು ಸಮಿತಿಯವರು ಎರಡನ್ನೂ ಬದಿಗಿಟ್ಟರು. ಹುದ್ದೆ ತಪ್ಪಿತು.

“ಹಳೇವು ಹೋದ್ರ ಹೋಗ್ಲಿ ಬಿಡ, ಇನ್ನ ಮ್ಯಾಲ ಹೊಸಾವ ಬರಿ” ಎಂದು ಅಣ್ಣ ಸಮಾಧಾನ ಹೇಳಿದ.

“ಆ ತವರಿನ ಹೆಸರಿನಾಕೀನ್ನ ಬಿಟ್ಟು ನಾ ಎಲ್ಲಿಂದ ಬರ್ಲಿ?” ಎಂದರು ವೈನಿ.

ಮರುದಿನದಿಂದಲೇ ಶುರು. ಎರಡೂ ಹೆಸರು ಒಬ್ಬರದೇ, ಕೂಡಿಸಿ ಎಂದು ಪ್ರಬಂಧ ಅಚ್ಚಾದ ಪತ್ರಿಕೆಗಳಿಗೆಲ್ಲ, ಎಣಿಸುವ ಸಂಸ್ಥೆಗಳಿಗೆಲ್ಲ ಬರೆದೆವು; ಒಬ್ಬರು ಉತ್ತರಿಸಿದರೆ ಮೂವರು ಸುಮ್ಮನಿರುತ್ತಿದ್ದರು. ವೈನಿ ಮತ್ತೆ ಬರೆಯುತ್ತಿದ್ದರು. ಬೇಸರ ನನಗೆ ಬಂತು, ಅವರಿಗೆ ಬರಲಿಲ್ಲ. ಹುದ್ದೆ ಕೊಡಬೇಕಾದ ಕಾಲೇಜಿನವರು ಕೊನೆಗೆ, ಎರಡೂ ಹೆಸರಿನವಳು ಒಬ್ಬಳೇ ಎಂದು ಮನೆಯ ಹಿರಿಯರ ಸಹಿ ತನ್ನಿ ಎಂದರು. ಹಿರಿಯರೆಂದರೆ ಅವ್ವ.

“ನಾ ಇಟ್ಟ ಹೆಸರ ಬ್ಯಾಡಾತೇನ ನಿನಗ?” ಅವ್ವ ಮುಖ ತಿರುಗಿಸಿದಳು.

“ಅದೂ ಬೇಕ್ರಿ ಅತ್ತಿ, ನಮ್ಮಪ್ಪ ಇಟ್ಟದ್ದೂ ಬೇಕು. ಎರಡೂ ನಾನ ಅದೀನಿ.”

ನಾಲ್ಕು ಜನರ ಮುಂದೆ ಒಲ್ಲೆ ಅನ್ನಲಾರದ ಮನುಷ್ಯರ ಬಗ್ಗೆ ಬರೆದಾಕೆ, ಹಾಗೆ ಎಲ್ಲರೆದುರು ನಿಂತೇ ಇದ್ದರು. ಅವ್ವ ಎದ್ದು ಒಳಗೆ ಹೋದಳು, ನೀರು ಕುಡಿದಳು, ಕನ್ನಡಕ ಹಾಕಿಕೊಂಡು ಬಂದಳು.

“ಆ ಹೆಸರಿನ ಹುಡುಗೀನ್ನೂ ನಾನ ನೋಡಿ ತಂದೀನಿ. ಎಲ್ಲಿ ಸಹಿ ಮಾಡ್ಲಿ, ತೋರ್ಸು.”

ಮುಂದಿನ ಸಂದರ್ಶನದಲ್ಲಿ ವೈನಿ ಪ್ರಾಧ್ಯಾಪಕಿಯಾದರು. ಆ ಕುರ್ಚಿಯಲ್ಲಿ ಕೂತದ್ದು ಮಾತ್ರ ಸ್ವಲ್ಪೇ ಕಾಲ... ಕ್ಯಾನ್ಸರಿನ ಮುಂದೆ ಅವರ ಹಟ ನಡೆಯಲಿಲ್ಲ. ಅವರು ಹೋದ ಮೇಲೂ ಉಲ್ಲೇಖಗಳು ಏರುತ್ತಲೇ ಇವೆ. ನಾನು ಆಗಾಗ ತೆಗೆದು ನೋಡುತ್ತೇನೆ. ಒಮ್ಮೊಮ್ಮೆ ಸಿಟ್ಟೂ ಬರುತ್ತದೆ, ಈಗ ಏರಿ ಏನು ಉಪಯೋಗ ಎಂದು.

ಈಚೆಗೆ ದೂರದ ದೇಶದ ಸಂಶೋಧಕರೊಬ್ಬರ ಲೇಖನ ಕಣ್ಣಿಗೆ ಬಿತ್ತು. ವೈನಿಯ ಹಳೆಯ ಪ್ರಬಂಧವೊಂದನ್ನೂ ತಡವಳದ ಪ್ರಬಂಧವನ್ನೂ ಒಂದೇ ಸಾಲಿನಲ್ಲಿ ಹೆಸರಿಸಿ, ಬೇರೆ ಬೇರೆ ದಾರಿಯಲ್ಲಿ ನಡೆದ ಈ ಇಬ್ಬರೂ ಒಂದೇ ಮಾತು ಹೇಳುತ್ತಾರೆ ಎಂದು ಬೆರಗಾಗಿದ್ದರು. ನನಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಬಿಡಲಿಲ್ಲ. ಆ ಇಬ್ಬರೂ ಒಬ್ಬರೇ, ದಯವಿಟ್ಟು ತಿದ್ದಿ ಎಂದು ಪತ್ರ ಬರೆದೆ. ತಿದ್ದುತ್ತೇನೆ ಎಂದು ಉತ್ತರ ಬಂತು. ಜೊತೆಗೆ, ಅವರೊಡನೆ ಮಾತಾಡಬೇಕಾಗಿದೆ, ವಿಳಾಸ ಕೊಡಿ ಎಂದೂ ಕೇಳಿದ್ದರು.

ವೈನಿ ತೀರಿಕೊಂಡಿದ್ದಾರೆ ಎಂಬ ಒಂದು ಸಾಲು ಬರೆಯುವುದಕ್ಕೆ ನನಗೆ ಇಡೀ ಮಧ್ಯಾಹ್ನ ಬೇಕಾಯಿತು. ಬರೆದೆ. ಆದರೂ ತಿದ್ದುಪಡಿ ಆಗಲೇಬೇಕು ಎಂದು ಅದರ ಕೆಳಗೆ ಸೇರಿಸಿದೆ. ಹೋದವರು ಇಬ್ಬರಲ್ಲ. ನಮಗಿದ್ದದ್ದು ಅವರೊಬ್ಬರೇ.