ಅತ್ತೆಯ ಗುಳಿಗೆ, ನನ್ನ ಸೋಯಾ ಗಂಜಿ

ಭಾಲ್ಕಿಯ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಊಟದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬ ಬಹಳ ದಿನ ಇತ್ತು. ತವರೂರು ಎಕಂಬಾದ ಹೊಲದಿಂದ ಬಂದ ಸೋಯಾವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹುರಿದು, ಗಿರಣಿಯಲ್ಲಿ ಪುಡಿ ಮಾಡಿಸುತ್ತಿದ್ದೆ. ದಿನಾ ಮುಂಜಾನೆ ಅದರ ಗಂಜಿ ಒಂದು ಲೋಟ ಅತ್ತೆಗೆ. ಅವರು ಥೈರಾಯ್ಡ್ ಗುಳಿಗೆ ನುಂಗಿ ನೀರಿನ ತಂಬಿಗೆ ಕೆಳಗಿಡುವಷ್ಟರಲ್ಲಿ ಲೋಟ ಕೈಗೆ ಕೊಡುತ್ತಿದ್ದೆ.

ಒಂದು ವರ್ಷದಲ್ಲಿ ಭಾಲ್ಕಿಯ ಡಾಕ್ಟರು ಗುಳಿಗೆಯ ಪ್ರಮಾಣವನ್ನು ಎರಡು ಸಲ ಏರಿಸಿದರು. ಆದರೂ ಅತ್ತೆಯ ಮುಖದ ಬಾವು ಇಳಿಯಲಿಲ್ಲ. ಅಂಗಳಕ್ಕೆ ಹೋಗಿ ಬಂದರೆ ಸಾಕು, ಗೋಡೆಗೊರಗಿ ಕೂತುಬಿಡುತ್ತಿದ್ದರು. ಅಶಕ್ತತೆ ಎಂದುಕೊಂಡು ನಾನು ಗಂಜಿಗೆ ಇನ್ನೊಂದು ಚಮಚ ಪುಡಿ ಹೆಚ್ಚಿಸಿದೆ.

ಕೊನೆಗೆ ಬೀದರಿನ ವೈದ್ಯೆಯೊಬ್ಬರ ಬಳಿ ಕರೆದುಕೊಂಡು ಹೋದೆ. ರಕ್ತದ ವರದಿ ನೋಡಿ ಅವರು ಅತ್ತೆಯನ್ನೇ ಕೇಳಿದರು: "ಗುಳಿಗಿ ತಗೊಂಡ ಮ್ಯಾಲ ಏನ್ ತಿಂತೀರಿ, ಅಮ್ಮ?"

"ನಮ್ಮ ಸೊಸಿ ಸೋಯಾದ ಗಂಜಿ ಕೊಡ್ತಾಳ್ರಿ. ಒಂದು ದಿನಾನೂ ತಪ್ಪಸಲ್ರಿ," ಎಂದರು ಅತ್ತೆ, ಹೆಮ್ಮೆಯಿಂದ.

ವೈದ್ಯೆ ಪೆನ್ನು ಕೆಳಗಿಟ್ಟರು. ಸೋಯಾ ವಿಷವಲ್ಲ, ಆದರೆ ಗುಳಿಗೆಯ ಬೆನ್ನಿಗೇ ತಿಂದರೆ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದು ತಿಳಿಸಿದರು. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಗುಳಿಗೆ, ಆಮೇಲೆ ತಾಸು ಬಿಟ್ಟು ನಾಷ್ಟಾ, ಸೋಯಾ ತಿನ್ನುವುದೇ ಆದರೆ ಇನ್ನೂ ಹಲವು ತಾಸು ಬಿಟ್ಟು. ಅವರು ಗುಳಿಗೆಯ ಪ್ರಮಾಣ ಹೆಚ್ಚಿಸಲಿಲ್ಲ.

ಭಾಲ್ಕಿಗೆ ಮರಳುವ ಬಸ್ಸಿನಲ್ಲಿ ವೈದ್ಯೆಯ ಚೀಟಿಯನ್ನು ಮತ್ತೆ ಮತ್ತೆ ಓದಿದೆ. ಅತ್ತೆಯೇ ಮೆಲ್ಲಗೆ ಅಂದರು: "ಅದು ಕುಡದ್ರ ನನಗ ಹೊಟ್ಟಿನೂ ಉಬ್ಬತಿತ್ತವ್ವ."

"ಮತ್ತ ಯಾಕ ಹೇಳಲಿಲ್ರಿ, ಅತ್ತಿ?"

"ಸಾಲಿಗೆ ಹೋಗೂ ಗಡಿಬಿಡ್ಯಾಗ ಎದ್ದು ಮಾಡ್ತಿದ್ದಿ. ಹ್ಯಾಂಗ ಒಲ್ಲೆ ಅನ್ಲಿ?"

ಆ ಮಾತು ವೈದ್ಯೆಯ ಮಾತಿಗಿಂತ ಜೋರಾಗಿ ಬಡಿಯಿತು. ಅವರಿಗೆ ಏನು ಬೇಕು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವತ್ತು ಕೇಳಿದೆ. ಬಿಸಿ ಜೋಳದ ರೊಟ್ಟಿ, ಹೆಸರುಬೇಳೆ ಪಲ್ಯ ಎಂದರು. ಮರುದಿನದಿಂದ ಆರಕ್ಕೆ ಗುಳಿಗೆ, ಏಳಕ್ಕೆ ರೊಟ್ಟಿ. ಒಂದು ದಿನ ಹೆಸರುಬೇಳೆ, ಒಂದು ದಿನ ತೊಗರಿ, ಒಂದು ದಿನ ಅಲಸಂದಿ ಉಸುಳಿ. ಎರಡು ತಿಂಗಳ ನಂತರದ ರಕ್ತ ಪರೀಕ್ಷೆಯಲ್ಲಿ ಏರಿದ್ದ ಟಿಎಸ್ಎಚ್ ಅಂಕಿ ಇಳಿದಿತ್ತು. ಅತ್ತೆ ಓಣಿಯ ಕೊನೆಯ ಮನೆವರೆಗೆ ನಡೆದು ಹರಟೆ ಹೊಡೆದು ಬರತೊಡಗಿದರು.

ಆದರೆ ನನ್ನ ಕೆಲಸ ಮುಗಿದಿರಲಿಲ್ಲ. ಹಿಂದಿನ ವರ್ಷ ಎಕಂಬಾದ ಹೆಂಗಸರನ್ನು ಕೂಡಿಸಿ ಇದೇ ಪುಡಿ ಮಾಡುವುದನ್ನು ನಾನೇ ಕಲಿಸಿದ್ದೆ. "ಕಣ್ಣು ಮುಚ್ಚಿ ಕುಡೀರಿ, ಎಲ್ಲಾರಿಗೂ ಛಲೋ," ಎಂದಿದ್ದೆ. ಅವರಲ್ಲಿ ಯಾರು ಯಾವ ಗುಳಿಗೆ ನುಂಗುತ್ತಿದ್ದಾರೋ ಕೇಳಿರಲಿಲ್ಲ. ಫೋನಿನಲ್ಲಿ ಹೇಳಿದರೆ ಮುಗಿಯುತ್ತದೆ ಎಂದರು ಗಂಡ. ಮುಗಿಯುವುದಿಲ್ಲ ಎನಿಸಿತು. ಎದುರಿಗೆ ನಿಂತು ಕಲಿಸಿದ್ದನ್ನು ಎದುರಿಗೆ ನಿಂತೇ ತಿದ್ದಬೇಕು. ಭಾನುವಾರ ಬಸ್ಸು ಹತ್ತಿದೆ.

ನನ್ನ ಚಿಕ್ಕಪ್ಪನ ಹೆಂಡತಿ ಕಾಕುವಿನ ಅಂಗಳದಲ್ಲಿ ಹದಿನೈದು ಮಂದಿ ಸೇರಿದ್ದರು. ನಡೆದದ್ದನ್ನು, ಗಂಜಿಯಿಂದ ಹೆಸರುಬೇಳೆ ಪಲ್ಯದವರೆಗೆ, ನನ್ನ ತಪ್ಪು ಸಹಿತ ಹೇಳಿದೆ. ಕಾಕುವೇ ಮೊದಲು ತಿರುಗಿಬಿದ್ದಳು: "ಹೋದ ವರ್ಸ ಕುಡಿ ಅಂದಿ, ಈ ವರ್ಸ ಬ್ಯಾಡ ಅಂತಿ. ಹೊಲದ ತುಂಬ ಸೋಯಾ ಅದ, ಕಿತ್ತಿ ಒಗೀಬೇಕೇನು?"

"ಬೆಳೀರಿ, ಮಾರ್ರಿ. ಒಗ್ಗಿದವ್ರು ತಿನ್ರಿ. ಆದ್ರ ಥೈರಾಯ್ಡ್ ಗುಳಿಗಿ ತಗೋಳಾವ್ರು ಅದರ ಬೆನ್ನಿಗೇ ಕುಡೀಬ್ಯಾಡ್ರಿ. ತಿಂದ್ರ ತುರಿಕಿ, ಬಾವು ಬರಾವ್ರು ಮುಟ್ಟಲೇಬ್ಯಾಡ್ರಿ, ದವಾಖಾನಿಗಿ ತೋರಸ್ರಿ. ನಾ ಹೋದ ವರ್ಸ ಅರ್ಧಾನೇ ಹೇಳಿದ್ದೆ."

ಥೈರಾಯ್ಡ್ ಗುಳಿಗೆ ಯಾರು ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ಇಬ್ಬರು ಕೈ ಎತ್ತಿದರು. ಇಬ್ಬರೂ ನನ್ನ ಮಾತು ಕೇಳಿ ಗುಳಿಗೆಯ ಮೇಲೆಯೇ ಗಂಜಿ ಕುಡಿಯುತ್ತಿದ್ದವರು. ಒಬ್ಬಳು ಅಲ್ಲೇ ನಿಲ್ಲಿಸುತ್ತೇನೆ ಎಂದಳು. ಇನ್ನೊಬ್ಬಳು ಅನುಮಾನದಿಂದ ನನ್ನನ್ನೇ ನೋಡಿದಳು. "ಈಗ ಹೇಳೂದಾದ್ರೂ ಪೂರಾ ಅದ ಅಂತ ಹ್ಯಾಂಗ ನಂಬಲಿ?"

ಅವಳು ಕೇಳಿದ್ದು ಸರಿಯಾಗಿತ್ತು. "ನನ್ನ ನಂಬಬ್ಯಾಡವ್ವ. ನಡಿ, ನಿಮ್ಮ ಡಾಕ್ಟರ್‌ಗೇ ಕೇಳೂನು," ಎಂದೆ. ರಾತ್ರಿ ಅಲ್ಲೇ ಉಳಿದು, ಮರುದಿನ ಶಾಲೆಗೆ ರಜೆ ಹಾಕಿ, ಅವಳ ಗುಳಿಗೆಯ ಚೀಟಿ ಹಿಡಿದು, ಅವಳನ್ನು ಕರೆದುಕೊಂಡು ಔರಾದಿನ ದವಾಖಾನೆಗೆ ಹೋದೆ. ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ವೈದ್ಯರು ಅದೇ ಮಾತು ಹೇಳಿದರು. ಹೊರಗೆ ಬಂದ ಮೇಲೆ ಅವಳು ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡು ಕೇಳಿದಳು: "ಆಯ್ತಕ್ಕ. ಈಗ ಗಂಜಿ ಬದ್ಲಿ ಮುಂಜಾನಿ ಹೆಸರುಬ್ಯಾಳಿ ಪಲ್ಯಾಕ ಏನೇನು ಹಾಕ್ಬೇಕು, ಹೇಳು."