ಉಪ್ಪು ಹಿಡಿದ ಬಟ್ಟೆಗಳು

ಮೂಟೆಯ ಬಾಯಿ ಬಿಚ್ಚಿದ ಕೂಡಲೇ ಲಾಂಡ್ರಿ ಅಕ್ಕನ ಕೈಗೆ ಸಿಕ್ಕಿದ್ದು ಒಂದು ಈಜುಡುಗೆ. ಸಮುದ್ರ ಊರೊಳಗೆ ನುಗ್ಗಿ ಮನೆ ಕಳೆದುಕೊಂಡವರಿಗೆ ಯಾರೋ ಪುಣ್ಯಾತ್ಮರು ಈಜುಡುಗೆ ಕಳಿಸಿದ್ದರು. ಅದರ ಕೆಳಗೆ ಒಂದೇ ತೋಳಿನ ಕೋಟು, ಜಿಪ್ಪು ಕಿತ್ತ ಪ್ಯಾಂಟುಗಳು, ಯಾವುದೋ ಮದುವೆಗೆ ಒಮ್ಮೆ ಹಾಕಿ ಮೂಲೆಗೆ ಎಸೆದ ಮಿಣಮಿಣ ಮಿಂಚುವ ಅಂಗಿ.

"ಅಣ್ಣ, ಇದನ್ನೂ ಇಸ್ತ್ರಿ ಮಾಡ್ಲಾ?" ಎಂದು ಅವಳು ಈಜುಡುಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

ಕನ್ನಡಕದ ಅಂಗಡಿಯವರು ನಾಚಿಕೊಂಡು ಆ ಕಡೆ ತಿರುಗಿದರು. ಸಂತ್ರಸ್ತರಿಗೆ ಬಟ್ಟೆಬರೆ ಸೇರಿಸಿ ಕಳಿಸುವ ಸಂಘ ಅವರದು. ಸಂಘವೆಂದರೆ ಭಾರಿ ದೊಡ್ಡದೇನಲ್ಲ. ಅವರು, ಅವರ ತಂಗಿ, ಹಾಲಿನ ವ್ಯಾನು ಓಡಿಸುವವನು, ಬಿಡುವಿದ್ದಾಗ ಬಂದು ಕೈಜೋಡಿಸುವ ಇನ್ನೊಬ್ಬಿಬ್ಬರು. ಅಂಗಡಿಯ ಹಿಂದಿನ ಕೋಣೆಯೇ ಕಚೇರಿ, ಗೋದಾಮು, ಎಲ್ಲ. ಬಿರುಗಾಳಿಯಲ್ಲಿ ಕಡಲು ಉಕ್ಕಿ ಕರಾವಳಿಯ ಹಳ್ಳಿಗಳು ಕೊಚ್ಚಿಹೋದ ವಾರದಿಂದ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದ ಬಟ್ಟೆಯನ್ನು ಒಗೆದು ಮಡಿಸಿ ಕೊಡುವವರು ಬೇಕಾಗಿತ್ತು. ಎರಡು ಅಂಗಡಿ ಆಚೆಗೆ ಗಂಡನ ಜೊತೆ ಲಾಂಡ್ರಿ ನಡೆಸುತ್ತಿದ್ದ ಅಕ್ಕನನ್ನು ಕೇಳಿದರು. ಅವಳು ಹೂಂ ಅಂದಳು. ಅವಳ ಮಟ್ಟಿಗೆ ಅದು ಇನ್ನೊಂದಿಷ್ಟು ಕೊಳೆ ಬಟ್ಟೆ, ಅಷ್ಟೇ.

ಬಟ್ಟೆ ಹಂಚುವ ದಿನ ಅವಳೂ ವ್ಯಾನು ಹತ್ತಿದಳು. ನಿರಾಶ್ರಿತರನ್ನು ಇರಿಸಿದ್ದ ಕಡಲಂಚಿನ ಶಾಲೆಯಲ್ಲಿ ಜನ ಸದ್ದಿಲ್ಲದೆ ಸಾಲು ನಿಂತರು, ಕೊಟ್ಟದ್ದನ್ನು ತೆಗೆದುಕೊಂಡರು, ತಲೆಬಾಗಿಸಿ ಹೋದರು. ಕೈತೊಳೆಯಲೆಂದು ಶಾಲೆಯ ಹಿಂದಕ್ಕೆ ಹೋದ ಲಾಂಡ್ರಿ ಅಕ್ಕ ಅಲ್ಲೇ ನಿಂತುಬಿಟ್ಟಳು. ತಾನು ಗರಿಗರಿಯಾಗಿ ಇಸ್ತ್ರಿ ಮಾಡಿದ್ದ ಅಂಗಿಗಳು ಗೋಡೆಯ ಬುಡದಲ್ಲಿ ಬಿದ್ದಿದ್ದವು. ಅದರ ಪಕ್ಕದ ತಂತಿ ಬೇಲಿಯುದ್ದಕ್ಕೂ ಬೇರೆ ಬಟ್ಟೆಗಳು ನೇತಾಡುತ್ತಿದ್ದವು. ಚಾದರ, ಲಂಗ, ಮಕ್ಕಳ ಚಡ್ಡಿ, ಶಾಲೆಯ ಸಮವಸ್ತ್ರ. ಮುಟ್ಟಿ ನೋಡಿದಳು. ಕೆಸರು, ಉಪ್ಪು ಎರಡೂ ಹಿಡಿದು ರಟ್ಟಿನ ಹಾಗೆ ಸೆಟೆದುಕೊಂಡಿದ್ದವು.

ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಹೇಳಿದಳು: "ನಮ್ಮ ಬಟ್ಟೆ ನಮ್ಮ ಹತ್ರ ಇದೆ ಅಕ್ಕ. ಹಾಕ್ಕೊಳ್ಳೋ ಹಾಗಿಲ್ಲ, ಅಷ್ಟೇ. ಈ ಚಡ್ಡಿ ಹಾಕಿದ್ರೆ ಮಗುವಿನ ತೊಡೆ ಕೆರೆದು ರಕ್ತ ಬರತ್ತೆ."

ವಾಪಸು ಬರುವಾಗ ವ್ಯಾನಿನಲ್ಲಿ ಲಾಂಡ್ರಿ ಅಕ್ಕ ಕನ್ನಡಕದವರ ಕಡೆ ತಿರುಗಿದಳು.

"ಅಣ್ಣ, ಯಾರ್ಯಾರದೋ ಬಟ್ಟೆ ಒಗೆದು ಇವರಿಗೆ ಕೊಡ್ತಿದೀವಿ. ಇವರ ಬಟ್ಟೆಯನ್ನೇ ಒಗೆದು ಇವರಿಗೆ ಕೊಟ್ರೆ ಆಗಲ್ವಾ?"

ಗಂಡನ ಹತ್ತಿರ ವಿಷಯ ಎತ್ತಿದಾಗ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ಅಂಗಡಿಯಲ್ಲಿದ್ದದ್ದು ನಾಲ್ಕು ಮೆಷಿನ್ನು. ಅದರಲ್ಲಿ ಎರಡನ್ನು ಒಯ್ಯುತ್ತೇನೆ ಅಂದರೆ ಯಾವ ಗಂಡ ಒಪ್ಪುತ್ತಾನೆ?

"ಮರಳು ಹೊಟ್ಟೆಗೆ ಹೋದ್ರೆ ಮೆಷಿನ್ನು ಬದುಕತ್ತೇನೆ? ನಿನಗೆ ತಲೆ ನೆಟ್ಟಗಿದೆಯಾ?"

"ಒದರಿ ಒದರಿ ಹಾಕ್ತೀನಿ ಬಿಡ್ರೀ."

"ಸಮುದ್ರವನ್ನೇ ಒದರ್ತೀಯೇನೆ!" ಎಂದು ಅವನು ಊಟದ ತಟ್ಟೆ ಸರಿಸಿ ಎದ್ದ. ಆದರೆ ಮರುದಿನ ಬೆಳಗ್ಗೆ ಹಳೆಯ ಹೊದಿಕೆ ಸುತ್ತಿ, ಹಗ್ಗ ಬಿಗಿದು, ಮಲಗಿದ ಮಗುವನ್ನು ಸಾಗಿಸುವವನ ಹಾಗೆ ಮೆಷಿನ್ನುಗಳನ್ನು ವ್ಯಾನಿಗೆ ಏರಿಸಿದವನೂ ಅವನೇ. ಏರಿಸುವಾಗಲೂ ಬೈಗುಳ ನಿಂತಿರಲಿಲ್ಲ.

ಮೊದಲ ದಿನದ ಕೆಲಸ ನೀರಿಗೆ ಬಿತ್ತು. ಕರೆಂಟಿಗೆಂದು ತಂದ ಜನರೇಟರು ಶುರುವಾಯಿತು, ಶಾಲೆಯ ಬಾವಿಯಿಂದ ನೀರು ಸೇದಿ ತುಂಬಿಸಿದ್ದೂ ಆಯಿತು. ಆದರೆ ಸೋಪು ನೊರೆಯಾಗದೆ ಒಡೆದ ಹಾಲಿನ ಹಾಗೆ ಗಂಟುಗಂಟಾಗಿ ತೇಲಿತು. ಬಟ್ಟೆಗಳು ಮೊದಲಿಗಿಂತ ಒರಟಾಗಿ ಹೊರಬಂದವು. ನೋಡಲು ಸೇರಿದ್ದ ಜನ ಅವನ್ನೂ ಕೈಮುಗಿದು ತೆಗೆದುಕೊಂಡರು. ಅವರು ಕೈಮುಗಿದದ್ದೇ ಅವಳಿಗೆ ಚುಚ್ಚಿತು.

ಒಬ್ಬಳು ಮುದುಕಿ ಮಾತ್ರ ಮುಂದೆ ಬಂದಳು. ಉದ್ದನೆಯ ಆಳು, ಒಣಗಿದ ಕೋಲಿನಂಥ ಮೈ, ಕಂಕುಳಲ್ಲಿ ಒಂದು ಗಂಟು. ಊರವರು ಅವಳನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಗಂಡ ದೋಣಿ ನಡೆಸುತ್ತಿದ್ದನಂತೆ, ಗಂಡನನ್ನು ಇವಳು ನಡೆಸುತ್ತಿದ್ದಳಂತೆ.

"ಕಡಲು ಕುಡಿದ ಬಾವಿ ಅದು," ಎಂದಳು. "ಅದರಲ್ಲಿ ದೇವರು ಬಂದು ಉಜ್ಜಿದ್ರೂ ನೊರೆ ಬರಲ್ಲ. ಗುಡ್ಡದ ಮೇಲೆ ಇಟ್ಟಿಗೆ ಭಟ್ಟಿಯವರ ತೊಟ್ಟಿ ಇದೆ. ಸಿಹಿ ನೀರು. ಮೊದಲೇ ಕೇಳಿದ್ರೆ ಹೇಳ್ತಿದ್ದೆ."

ಅಂದಿನಿಂದ ಹಾಲಿನ ವ್ಯಾನು ನೀರಿನ ವ್ಯಾನಾಯಿತು. ಹಾಲಿನ ಕ್ಯಾನುಗಳಲ್ಲೇ ಗುಡ್ಡದ ನೀರು ಇಳಿಯಿತು. ಶಾಲೆಯ ಜಗಲಿಯ ಮೇಲೆ ಎರಡು ಮೆಷಿನ್ನುಗಳು ಗಡಗಡ ಸದ್ದು ಮಾಡುತ್ತ ತಿರುಗಿದವು. ತರಗತಿಯಿಂದ ಯಾರೋ ಒಂದು ಬೆಂಚು ತಂದು ಅವುಗಳ ಮುಂದೆ ಹಾಕಿದರು.

ಆ ಬೆಂಚು ಯಾರೂ ಎಣಿಸದ ಕೆಲಸ ಮಾಡಿತು. ಬಟ್ಟೆ ಕೊಟ್ಟು ಹೋಗಿ, ಆಮೇಲೆ ಬನ್ನಿ ಅಂದರೂ ಜನ ಹೋಗುತ್ತಿರಲಿಲ್ಲ. ಗಾಜಿನ ಬಾಗಿಲೊಳಗೆ ತಮ್ಮ ಬಟ್ಟೆ ಮೇಲೆ ಕೆಳಗೆ ಉರುಳುವುದನ್ನು ನೋಡುತ್ತ ಕೂರುತ್ತಿದ್ದರು. ನೋಡುತ್ತ ನೋಡುತ್ತ ಮಾತು ಹೊರಡುತ್ತಿತ್ತು. ಎದುರಿಗೆ ಮುಖವಿಲ್ಲ, ಪ್ರಶ್ನೆ ಕೇಳುವವರಿಲ್ಲ. ತಿರುಗುವ ಚಾದರಕ್ಕೆ ಹೇಳಿಕೊಂಡ ಹಾಗೆ ಹೇಳಿಕೊಳ್ಳುತ್ತಿದ್ದರು. ಯಾರ ಕೈ ಯಾವ ಗಳಿಗೆಯಲ್ಲಿ ಜಾರಿತು, ಯಾವ ಛಾವಣಿಯ ಮೇಲೆ ಬೆಳಗಾಯಿತು. ಲಾಂಡ್ರಿ ಅಕ್ಕ ಬೆನ್ನು ಮಾಡಿಕೊಂಡು ಬಟ್ಟೆ ಒದರುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಕ್ಯಾಪ್ಟನ್ ದಿನಾ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಕಂಕುಳ ಗಂಟು ಮಾತ್ರ ಬಿಚ್ಚುತ್ತಿರಲಿಲ್ಲ.

"ಕೊಡಿ ಅಮ್ಮ, ಅದನ್ನೂ ಹಾಕೋಣ."

"ಈ ವರ್ಷ ನನ್ನ ಕೈಯಿಂದ ಹೋಗಿದ್ದು ಯಾವುದೂ ವಾಪಸ್ ಬಂದಿಲ್ಲ."

"ಇಲ್ಲೇ ಕೂತು ನೋಡಿ. ನಿಮ್ಮ ಕಣ್ಣು ತಪ್ಪಿಸಿ ಅದೆಲ್ಲಿಗೂ ಹೋಗಲ್ಲ."

ಎಷ್ಟೋ ದಿನದ ಮೇಲೆ ಒಂದು ಮಧ್ಯಾಹ್ನ ಮುದುಕಿ ತಾನಾಗಿ ಗಂಟು ಬಿಚ್ಚಿದಳು. ಒಳಗಿದ್ದದ್ದು ಒಂದು ಉಣ್ಣೆಯ ಸ್ವೆಟರು. ಗಂಡನಿಗೆಂದು ಅವಳೇ ಹೆಣೆದದ್ದು. ಗಂಡ ಹೋಗಿ ವರ್ಷಗಳಾಗಿದ್ದವು. ಮನೆ ಕುಸಿದ ಜಾಗದಲ್ಲಿ ಕೆಸರು ಅಗೆದಾಗ ಪೆಟ್ಟಿಗೆಯೊಳಗೆ ಸಿಕ್ಕಿದ್ದು ಇದೊಂದೇ. ಸುತ್ತ ಜನ, ಕೈತುಂಬ ಕೆಲಸ. ಲಾಂಡ್ರಿ ಅಕ್ಕ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡಳು, ಕೆಸರು ಒದರಿದಳು, ಮೆಷಿನ್ನಿಗೆ ಹಾಕಿ ಬಾಗಿಲು ಮುಚ್ಚಿದಳು.

ಮಕ್ಕಳಿಗೆ ಕಜ್ಜಿ ಹರಡುತ್ತಿದೆ, ಚಾದರಗಳನ್ನು ಕುದಿಯುವಷ್ಟು ಬಿಸಿ ನೀರಲ್ಲಿ ಒಗೆಯಿರಿ ಎಂದು ಶಾಲೆಗೆ ಬಂದಿದ್ದ ನರ್ಸು ಹೇಳಿದ್ದರಿಂದ ಬೆಳಗ್ಗೆಯಿಂದ ಆ ಮೆಷಿನ್ನು ಬಿಸಿಯಲ್ಲೇ ಓಡುತ್ತಿತ್ತು. ಅದನ್ನು ತಣ್ಣಗೆ ತಿರುಗಿಸುವುದು ಅವಳಿಗೆ ಮರೆತೇಹೋಯಿತು. ಉಣ್ಣೆಗೆ ಬಿಸಿನೀರು ತಾಗಿಸಬಾರದೆಂದು ಲಾಂಡ್ರಿಗೆ ಬಂದ ಮೊದಲ ವಾರವೇ ಕಲಿಯುತ್ತಾರೆ. ಅವಳೂ ಕಲಿತಿದ್ದಳು. ಕಲಿತದ್ದು ಅಂದು ಕೈಗೆ ಬರಲಿಲ್ಲ.

ಬಾಗಿಲು ತೆರೆದಾಗ ಹೊರಬಂದದ್ದು ಮಗುವಿಗೂ ಬಿಗಿಯಾಗುವಂಥ, ಕಂಬಳಿಯ ಹಾಗೆ ದಪ್ಪಗಟ್ಟಿದ ಒಂದು ತುಂಡು. ಕ್ಯಾಪ್ಟನ್ ಅದನ್ನು ತೊಡೆಯ ಮೇಲೆ ಹರಡಿಕೊಂಡಳು. ಒಂದು ತೋಳು ಹಿಡಿದು ಎಳೆದಳು. ಅದು ಬರಲಿಲ್ಲ. ಇನ್ನೊಂದನ್ನು ಎಳೆದಳು. ಆಮೇಲೆ ಎದ್ದು ನಿಂತು, ಇಡೀ ಶಾಲೆಗೆ ಕೇಳುವ ಹಾಗೆ ಕೂಗಿದಳು:

"ಕಡಲೇ ಬಿಟ್ಟಿತ್ತಲ್ಲೇ ಇದನ್ನ! ನೀನು ಬಿಡಲಿಲ್ಲವಲ್ಲ!"

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೆಂಚಿನ ಆ ತುದಿಯಲ್ಲಿ ಬೇರೆ ಯಾರೂ ಕೂರಲಿಲ್ಲ. ಲಾಂಡ್ರಿ ಅಕ್ಕ ಮನೆಗೆ ಬಂದು, ಇನ್ನು ತಾನು ಹೋಗುವುದಿಲ್ಲ ಎಂದಳು. ಗಂಡ ಕುಣಿದಾಡಿ ಸಂತೋಷಪಡುತ್ತಾನೆ ಎಂದುಕೊಂಡಿದ್ದಳು. ಅವನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಕೇಳಿದ:

"ನಮ್ಮ ಅಂಗಡೀಲಿ ಯಾರದ್ದಾದ್ರೂ ಬಟ್ಟೆ ಹಾಳಾಗಿದ್ರೆ ಏನ್ಮಾಡ್ತಿದ್ದೆ?"

"ಮನೆಗೆ ಹೋಗಿ ಹೇಳ್ತಿದ್ದೆ."

"ಮತ್ತೆ? ಇಲ್ಲಾದ್ರೆ ಗಿರಾಕಿ, ಅಲ್ಲಾದ್ರೆ ಪಾಪದವರು ಅಂತಲಾ? ಹೋಗಿ ಬೈಸ್ಕೊಂಡು ಬಾ."

ಕನ್ನಡಕದವರು ಪೇಟೆಯಿಂದ ಒಂದು ಹೊಸ ಸ್ವೆಟರು ತಂದುಕೊಟ್ಟರು. ಒಳ್ಳೆಯದೇ ತಂದಿದ್ದರು. ಮನೆ ಕುಸಿದ ಜಾಗದಲ್ಲೇ ಮುದುಕಿ ಎಬ್ಬಿಸುತ್ತಿದ್ದ ತಗಡಿನ ಶೆಡ್ಡಿನ ಹತ್ತಿರ ಬಂದಾಗ ಲಾಂಡ್ರಿ ಅಕ್ಕನಿಗೆ ಆ ಹೊಸ ಸ್ವೆಟರು ನೋಡಿಯೇ ನಾಚಿಕೆಯಾಯಿತು. ವ್ಯಾನಿನ ಸೀಟಿನ ಮೇಲೆಯೇ ಬಿಟ್ಟು ಬರಿಗೈಯಲ್ಲಿ ಇಳಿದಳು.

ಕ್ಯಾಪ್ಟನ್ ಬಾಗಿಲಿಗೆ ಹಲಗೆ ಬಡಿಯುತ್ತಿದ್ದಳು. ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡಿದ್ದಳು.

"ತಪ್ಪಾಯ್ತು ಅಮ್ಮ. ಕ್ಷಮಿಸಿಬಿಡಿ."

ಮುದುಕಿ ಮೊಳೆಗಳನ್ನು ಉಗುಳಿ ಅಂಗೈಗೆ ತೆಗೆದುಕೊಂಡಳು. "ಕ್ಷಮಿಸಲ್ಲ."

ಲಾಂಡ್ರಿ ಅಕ್ಕ ಹೋಗಲೋ ನಿಲ್ಲಲೋ ಎಂದು ನೋಡುತ್ತಿದ್ದಾಗ ಮುದುಕಿ ಹಲಗೆಯ ಇನ್ನೊಂದು ತುದಿಯನ್ನು ಗಲ್ಲದಿಂದ ತೋರಿಸಿದಳು. ಇವಳು ಹೋಗಿ ಹಿಡಿದುಕೊಂಡಳು.

"ಕೇಳು," ಎಂದಳು ಕ್ಯಾಪ್ಟನ್. "ಆ ರಾತ್ರಿ ಆದಮೇಲೆ ನಾನು ಯಾರ ಮೇಲೂ ಸಿಟ್ಟು ಮಾಡ್ಕೊಂಡಿರಲಿಲ್ಲ. ಯಾರ ಮೇಲೆ ಮಾಡ್ಕೊಳ್ಳಲಿ? ಕಡಲಿಗೆ ಕಿವಿ ಇದೆಯಾ? ಅಕ್ಕಿ ಕೊಡೋರು ಬಂದ್ರು, ಹೊದಿಕೆ ಕೊಡೋರು ಬಂದ್ರು. ಕೊಡೋರ ಮೇಲೆ ಹೇಗೆ ಸಿಟ್ಟು ಮಾಡ್ಕೊಳ್ಳೋದು? ನಗ್ತಾ ತಗೋಬೇಕು, ನಮಸ್ಕಾರ ಹೇಳಬೇಕು. ಹೇಳಿ ಹೇಳಿ ನನ್ನ ದವಡೆ ನೋಯ್ತಿತ್ತು. ಮೊನ್ನೆ ನಿನ್ನ ಮೇಲೆ ಕೂಗಿದೆ ನೋಡು, ಅವತ್ತು ರಾತ್ರಿ ನಿದ್ದೆ ಬಂತು."

ಒಂದು ಮೊಳೆ ಬಡಿದಳು. ಸೊಟ್ಟಗಾಯಿತು. ಕಿತ್ತು ಮತ್ತೆ ಬಡಿದಳು.

"ಅದಕ್ಕೇ ಕ್ಷಮಿಸಲ್ಲ. ಕ್ಷಮಿಸಿಬಿಟ್ರೆ ಮತ್ತೆ ನೀನು ಕೊಡೋಳು, ನಾನು ಕೈಯೊಡ್ಡೋಳು. ಈಗ ಲೆಕ್ಕ ಸರಿ ಇದೆ. ನಾಳೆಯಿಂದ ಮೆಷಿನ್ ಹತ್ರ ನಾನು ನಿಲ್ತೀನಿ. ನಿನ್ನ ಕೈಗೆ ಬಿಟ್ರೆ ಊರ ಬಟ್ಟೆಯೆಲ್ಲ ಗೊಂಬೆ ಬಟ್ಟೆ ಆಗತ್ತೆ."

ಲಾಂಡ್ರಿ ಅಕ್ಕನಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಹಲಗೆ ಹಿಡಿದಿದ್ದರಿಂದ ಎರಡನ್ನೂ ಒರೆಸಿಕೊಳ್ಳಲಾಗಲಿಲ್ಲ.

ಕ್ಯಾಪ್ಟನ್ ಹೇಳಿದಂತೆಯೇ ಮಾಡಿದಳು. ಮೆಷಿನ್ನಿನ ಯಾವ ಗುಂಡಿ ಯಾವುದಕ್ಕೆ ಎಂದು ಕಲಿತಳು. ಕಲಿತ ದಿನದಿಂದ ಬೇರೆ ಯಾರನ್ನೂ ಅದರ ಹತ್ತಿರ ಬಿಡಲಿಲ್ಲ. ಪ್ರತಿ ಬಟ್ಟೆಯನ್ನೂ ಹಾಕುವ ಮೊದಲು, ಬಿಸಿಯೋ ತಣ್ಣಗೋ ಎಂದು ಲಾಂಡ್ರಿ ಅಕ್ಕನನ್ನು ಜನರೆದುರೇ ಪರೀಕ್ಷೆ ಮಾಡುತ್ತಿದ್ದಳು. ಬೆಂಚಿನಲ್ಲಿದ್ದವರಿಗೆ ಅದೊಂದು ಮೋಜಾಯಿತು. ಆಮೇಲೆ ಬೇರೆಯವರೂ ಬಾಯಿಬಿಟ್ಟರು. ಸೋಪಿನ ವಾಸನೆ ತಲೆನೋವು ಬರಿಸುತ್ತದೆ ಎಂದು ಒಬ್ಬಳು, ತಂದುಕೊಟ್ಟ ಹೊದಿಕೆ ಚುಚ್ಚುತ್ತದೆ ಎಂದು ಒಬ್ಬ. ಕನ್ನಡಕದವರ ಮುಖ ಮೊದಮೊದಲು ಸಪ್ಪಗಾಯಿತು. ಕ್ರಮೇಣ ಅವರೂ ಹದಕ್ಕೆ ಬಂದರು. ಹೊಸ ಹಳ್ಳಿಗೆ ಏನಾದರೂ ಒಯ್ಯುವ ಮಾತು ಬಂದರೆ, "ಅಲ್ಲಿ ನಮ್ಮನ್ನ ಬೈಯೋರು ಯಾರು ಸಿಗ್ತಾರೆ, ಮೊದಲು ನೋಡ್ಕೊಂಡು ಬನ್ನಿ," ಅನ್ನುತ್ತಿದ್ದರು. ತಂಗಿ ಇದನ್ನು ಬಹಳ ದಿನ ತಮಾಷೆ ಎಂದುಕೊಂಡಿದ್ದಳು.

ಗಂಡ ಹೆದರಿದಂತೆಯೇ ಒಂದು ಮೆಷಿನ್ನು ಮರಳು ತಿಂದು ಸತ್ತಿತು. ಅವನು ಬಂದು ಬಿಚ್ಚಿ ನೋಡಿ, ನಾನು ಹೇಳಿರಲಿಲ್ವಾ ಎಂದು ಎಲ್ಲರಿಗೂ ಹೇಳಿ, ಅದರ ಬಿಡಿಭಾಗಗಳನ್ನು ಇನ್ನೊಂದಕ್ಕೆ ಹಾಕಿ ಹೋದ. ಶಾಲೆ ಮತ್ತೆ ಶುರುವಾದಾಗ ಉಳಿದ ಮೆಷಿನ್ನು ಮಂಜುಗಡ್ಡೆ ಕಾರ್ಖಾನೆಯ ಪಕ್ಕದ ಶೆಡ್ಡಿಗೆ ಹೋಯಿತು. ಅಷ್ಟರಲ್ಲಿ ಅದು ಕ್ಯಾಪ್ಟನ್‌ಳ ಲಾಂಡ್ರಿ ಎಂದೇ ಹೆಸರಾಗಿತ್ತು. ಅದನ್ನು ವಾಪಸು ಕೇಳುವ ಯೋಚನೆ ಗಂಡನಿಗೂ ಬರಲಿಲ್ಲ.

ಕುಗ್ಗಿದ ಆ ಸ್ವೆಟರು ಏನಾಯಿತೆಂದು ಲಾಂಡ್ರಿ ಅಕ್ಕ ಕೇಳಲಿಲ್ಲ. ಮುದುಕಿಯೂ ಹೇಳಲಿಲ್ಲ. ಆದರೆ ಅಂಗಡಿಗೆ ರಜೆ ಇದ್ದಾಗಲೆಲ್ಲ ಇವಳು ಆ ಕಡೆಯ ಬಸ್ಸು ಹತ್ತುತ್ತಿದ್ದಳು. ಸಹಾಯಕ್ಕೆಂದು ಹೋಗುತ್ತೇನೆ ಎಂದು ಹೇಳುವುದನ್ನು ಯಾವಾಗಲೋ ಬಿಟ್ಟಿದ್ದಳು.

ಗಾಳಿ ಜೋರಾಗಿದ್ದ ಒಂದು ಸಂಜೆ ಇಬ್ಬರೂ ಶೆಡ್ಡಿನ ಹೊರಗೆ ಒಣಗಿದ ಚಾದರ ಮಡಿಸುತ್ತಿದ್ದರು. ಆ ತುದಿ ಅವಳು, ಈ ತುದಿ ಇವಳು.

"ಬಿಗಿಯಾಗಿ ಹಿಡ್ಕೋ," ಎಂದು ಕ್ಯಾಪ್ಟನ್ ಗದರಿದಳು. "ನಿನ್ನ ಕಡೆ ಜೋಲುತ್ತಿದೆ."

ಇವಳು ಬಿಗಿಯಾಗಿ ಹಿಡಿದುಕೊಂಡಳು. ಚಾದರ ನೆಟ್ಟಗಾಯಿತು. ಇಬ್ಬರೂ ಅಂಚು ಅಂಚಿಗೆ ಸೇರಿಸಲು ಒಬ್ಬರ ಕಡೆಗೊಬ್ಬರು ನಡೆದು ಬಂದರು.