ಹೊರಗಿನ ಬೆಂಚು

ಮಗಳ ಶಾಲೆಯಲ್ಲಿ ಒಂದು ಶನಿವಾರ ಪೋಷಕರನ್ನೆಲ್ಲ ಕರೆದಿದ್ದರು. ವಿಷಯ, ಮಕ್ಕಳು ಮತ್ತು ಮೊಬೈಲು. ನಾಲ್ಕನೇ ಕ್ಲಾಸಿನ ಮಕ್ಕಳು ಕೂರುವ ಬೆಂಚಿನಲ್ಲಿ ನಾನೂ ನನ್ನ ಗಂಡನೂ ಮೊಣಕಾಲು ಮಡಚಿಕೊಂಡು ಕೂತಿದ್ದೆವು. ಇಂಥ ಸಭೆಗಳ ಮೇಲೆ ನನಗೆ ಅಂಥ ಗೌರವವೇನೂ ಇಲ್ಲ. ಸಮೋಸ ಕೊಟ್ಟರೆಂದರೆ ಮುಂದಿನ ತಿಂಗಳು ಫೀಸು ಏರುತ್ತದೆ ಎಂದೇ ನಾನು ತಿಳಿದವಳು. ಆದರೆ ಅವತ್ತು ಮಾತಾಡಲು ಬಂದಿದ್ದ ಹೆಂಗಸು ಒಳ್ಳೆಯ ಮಾತನ್ನೇ ಆಡಿದರು. ಮಗುವಿನ ಕೈಯಿಂದ ಫೋನು ಕಿತ್ತುಕೊಂಡರೆ ಏನೂ ಆಗುವುದಿಲ್ಲ, ಏನೇ ಆದರೂ ನಿಮ್ಮ ಹತ್ತಿರ ಬಂದು ಹೇಳುವಷ್ಟು ಧೈರ್ಯ ಅದಕ್ಕಿರಬೇಕು, ಹೇಳಿದ ದಿನ ಮಾತ್ರ ಬೈಯಬೇಡಿ ಎಂದರು. ಎಷ್ಟೋ ಸಲ ಕೇಡು ಮನೆಯೊಳಗಿನಿಂದಲೇ ಬರುತ್ತದೆ, ಅದನ್ನೂ ಮರೆಯಬೇಡಿ ಎಂದರು. ನನ್ನ ಗಂಡ ಪರೀಕ್ಷೆಗೆ ಬರುವ ಪಾಠ ಕೇಳುವ ಹಾಗೆ ಕೇಳುತ್ತಿದ್ದ.

ಕೊನೆಯಲ್ಲಿ ಮುಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದವರ ಪಟ್ಟಿ ಸರ್ಕಾರದ ಹತ್ತಿರ ಇದೆಯಂತೆ, ಅದು ಪೊಲೀಸರಿಗೆ ಮಾತ್ರ ಕಾಣುತ್ತದಂತೆ.

"ನಮಗ್ಯಾಕೆ ತೋರ್ಸಲ್ಲ ಮೇಡಂ? ಪಕ್ಕದ ಮನೇಲಿ ಎಂಥವನಿದಾನೆ ಅಂತ ನಮಗೆ ಗೊತ್ತಾಗೋದು ಬೇಡ್ವಾ? ಅಂಥವರ ಫೋಟೋ ತಂದು ಸ್ಕೂಲ್ ಗೇಟಿಗೆ ಹಾಕ್ಬೇಕು. ಬೇಕು ಅನ್ನೋರು ಕೈ ಎತ್ತಿ ನೋಡೋಣ."

ಕೈಗಳು ಎದ್ದವು. ನನ್ನ ಪಕ್ಕದಲ್ಲಿ ನನ್ನ ಗಂಡನ ಕೈಯೂ ಎದ್ದಿತು. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗದ ಆ ಕೈ ನೆಟ್ಟಗೆ ಮೇಲಿತ್ತು. ನಾನು ಮಾತ್ರ ಎತ್ತಲಿಲ್ಲ. ಪಕ್ಕದ ಬೆಂಚಿನ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ರೀ, ನಿಮ್ಗೂ ಹೆಣ್ಮಗು ತಾನೆ?" ಎಂದರು.

ಆ ಪಟ್ಟಿಯಲ್ಲಿ ನನ್ನ ಗಂಡನ ಹೆಸರಿದೆ. ಯಾವ ಬಾಲಕಿಯ ವಿಷಯದಲ್ಲಿ ಅವನಿಗೆ ಶಿಕ್ಷೆಯಾಯಿತೋ ಆ ಬಾಲಕಿ ನಾನು.

ಇದನ್ನು ಬಿಡಿಸಿ ಹೇಳಬೇಕು. ನಮ್ಮಪ್ಪನದು ಬಸವೇಶ್ವರನಗರದಲ್ಲಿ ಪೇಂಟು, ಹಾರ್ಡ್‌ವೇರ್ ಅಂಗಡಿ. ದಾವಣಗೆರೆ ಕಡೆಯಿಂದ ಬಂದು ಮೇಲೆ ಬಂದವರು, ವಿಭೂತಿ ಹಚ್ಚದೆ ಷಟರ್ ಎತ್ತದವರು. ಇವನು ಬಾಗಲಕೋಟೆ ಕಡೆಯ ಹುಡುಗ, ಗೂಡ್ಸ್ ಆಟೋದಲ್ಲಿ ಪೇಂಟಿನ ಡಬ್ಬ ತಂದು ಇಳಿಸುತ್ತಿದ್ದ. ನಾನು ಆಗ ಸೆಕೆಂಡ್ ಪಿಯುಸಿ. ಹದಿನೆಂಟು ತುಂಬಲು ಇನ್ನೂ ಕೆಲವು ತಿಂಗಳಿತ್ತು, ಅವನಿಗೆ ಇಪ್ಪತ್ತು. ಪರೀಕ್ಷೆ ಮುಗಿದ ಕೂಡಲೇ ಗಂಡು ನೋಡುವ ಮಾತು ಮನೆಯಲ್ಲಿ ಶುರುವಾಗಿತ್ತು. ಅವನು ನನ್ನನ್ನು ಹಾರಿಸಿಕೊಂಡು ಹೋದ ಎಂದು ಜನ ಹೇಳಿದರು. ಹಾರಿಸುವಷ್ಟು ಧೈರ್ಯ ಅವನಿಗೆಲ್ಲಿತ್ತು? ಹಟ ಹಿಡಿದು ಹೊರಡಿಸಿದವಳು ನಾನು, ಬಸ್ಸಿನಲ್ಲಿ ಟಿಕೆಟ್ ತೆಗೆಸಿದವಳೂ ನಾನು. ಅವನು ದಾರಿಯುದ್ದಕ್ಕೂ ವಾಪಸ್ ಹೋಗೋಣ ಎನ್ನುತ್ತಿದ್ದ. ಅಪ್ಪ ದೂರು ಕೊಟ್ಟರು, ನಾಯಂಡಹಳ್ಳಿಯ ಒಂದು ಗೋಡೌನಿನ ಹಿಂದಿನ ಕೋಣೆಯಲ್ಲಿ ಪೊಲೀಸರ ಕೈಗೆ ಸಿಕ್ಕೆವು.

ಕೋರ್ಟಿನಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನೇ ಇಷ್ಟಪಟ್ಟು ಹೋದದ್ದು ಎಂದೆ. ಹದಿನೆಂಟು ತುಂಬದವಳ ಇಷ್ಟಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ ಎಂದು ವಕೀಲರು ಮೊದಲೇ ಹೇಳಿದ್ದರು, ಹಾಗೇ ಆಯಿತು. ತೀರ್ಪಿನಲ್ಲಿ ಅವನ ಹೆಸರು, ಅವನ ಅಪ್ಪನ ಹೆಸರು, ಊರು ಎಲ್ಲವೂ ಇತ್ತು. ನನ್ನ ಹೆಸರಿರಲಿಲ್ಲ. ಉದ್ದಕ್ಕೂ 'ನೊಂದ ಬಾಲಕಿ' ಎಂದಿತ್ತು. ಅದು ನನ್ನ ಒಳ್ಳೆಯದಕ್ಕೇ ಇರುವ ನಿಯಮ, ನನಗೆ ಗೊತ್ತು. ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆಯದಿರುವುದು ಅಲ್ಲಿಂದ ಬಂದ ಅಭ್ಯಾಸ.

ಅವನು ಜೈಲಿನಿಂದ ಬಂದ ಮೇಲೆ ಮದುವೆಯಾದೆವು. ಅಪ್ಪ ಬರಲಿಲ್ಲ. ಮಗಳು ಹುಟ್ಟಿದ ಮೇಲೆ ಬಂದರು. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ನನ್ನ ಮುಖ ನೋಡದೆ, "ಕೇಸು ವಾಪಸ್ ತಗೊಳ್ಳೋಕೆ ಹೋಗಿದ್ದೆ ಕಣಮ್ಮ. ಇದು ವಾಪಸ್ ತಗೊಳ್ಳೋ ಕೇಸಲ್ಲ ಅಂದ್ಬಿಟ್ರು" ಎಂದರು. ಅವರ ಮೇಲೆ ಅಷ್ಟು ವರ್ಷ ಕೂಡಿಟ್ಟುಕೊಂಡಿದ್ದ ಸಿಟ್ಟನ್ನು ಅವತ್ತು ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಸುಂಕದಕಟ್ಟೆಯಲ್ಲಿ ಬಾಡಿಗೆಗೆ ಮನೆ ಮಾಡಿದೆವು. ನಾನು ಓದು ಮುಗಿಸಿ ಮನೆಯಲ್ಲೇ ಟ್ಯೂಷನ್ ಹೇಳಿಕೊಡಲು ಶುರುಮಾಡಿದೆ. ಅವನು ಮಾಲ್‌ನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋಗಿ, ಪೊಲೀಸ್ ವೆರಿಫಿಕೇಷನ್ ಕೇಳಿದರೆಂದು ಅರ್ಜಿಯನ್ನೇ ಕೊಡದೆ ವಾಪಸ್ ಬಂದ. ಕೊನೆಗೆ ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಏನೂ ಕೇಳದೆ ಸೇರಿಸಿಕೊಂಡರು. ಕೆಲವು ತಿಂಗಳಿಗೊಮ್ಮೆ ಒಬ್ಬ ಪೊಲೀಸ್ ಪೇದೆ ಮನೆಗೆ ಬಂದು, ಇವನು ಇಲ್ಲೇ ಇದ್ದಾನೆಯೇ ಎಂದು ನೋಡಿಕೊಂಡು ಹೋಗುತ್ತಾರೆ. ಒಳ್ಳೆಯ ಮನುಷ್ಯ. ಮನೆ ಓನರ್ ಆಂಟಿಗೆ ಅನುಮಾನ ಬರದಿರಲೆಂದು ಯೂನಿಫಾರ್ಮಿನ ಮೇಲೆ ಜರ್ಕಿನ್ ಹಾಕಿಕೊಂಡು ಬರುತ್ತಾರೆ.

ಆ ಪಟ್ಟಿಯೇ ತಪ್ಪು ಎಂದು ನಾನು ಹೇಳಲಾರೆ. ಮಕ್ಕಳ ಬಾಳು ಹಾಳು ಮಾಡಿದವರು ಅದರಲ್ಲಿದ್ದಾರೆ, ಇರಲೇಬೇಕು. ನನ್ನ ಮಗಳೇ ನಾಳೆ ಹದಿನೇಳಕ್ಕೆ ಯಾವನೋ ಒಬ್ಬನ ಹಿಂದೆ ಹೊರಟರೆ ಸ್ಟೇಷನ್ನಿನ ಮೆಟ್ಟಿಲನ್ನು ಮೊದಲು ಹತ್ತುವವಳು ನಾನೇ, ನಮ್ಮಪ್ಪನ ಮಗಳಲ್ಲವೇ. ನನ್ನ ಸಂಕಟ ಇಷ್ಟೇ. ಅಂಥವರ ಸಾಲಿನಲ್ಲಿ ನನ್ನ ಗಂಡನನ್ನೂ ನಿಲ್ಲಿಸಿದ್ದಾರೆ, ಅದೂ ನನ್ನನ್ನು ಕಾಪಾಡಲೆಂದು. ಕಾಪಾಡಿದ್ದು ಸಾಕು ಸ್ವಾಮಿ ಎಂದು ಹೇಳೋಣವೆಂದರೆ ಯಾವ ಕಚೇರಿಗೆ ಹೋಗಬೇಕೋ ಗೊತ್ತಿಲ್ಲ.

ಸಭೆಯಿಂದ ಬರುವಾಗ ಸ್ಕೂಟರಿನ ಹಿಂದೆ ಕೂತು, "ಕೈ ಯಾಕೆ ಎತ್ತಿದೆ?" ಎಂದು ಕೇಳಿದೆ.

"ಎತ್ತದೇ ಇದ್ರೆ ಎಲ್ಲಾ ನೋಡ್ತಾರೆ ಕಣೇ," ಎಂದ. ಸಿಗ್ನಲ್ ದಾಟಿ ಸ್ವಲ್ಪ ದೂರ ಬಂದ ಮೇಲೆ, "ನಂಗೂ ಮಗಳಿದಾಳಲ್ವಾ," ಎಂದ.

ಸಭೆಗೆ ಮಾತಾಡಲು ಬಂದಿದ್ದ ಹೆಂಗಸು ಹೇಳಿದ್ದನ್ನು ಅವನು ಅಲ್ಲಿಗೇ ಬಿಡಲಿಲ್ಲ. ಮಗಳ ತಲೆ ಬಾಚುವುದು ನಮ್ಮ ಮನೆಯಲ್ಲಿ ಅವನ ಕೆಲಸ. ಬೆಳಿಗ್ಗೆ ನನ್ನ ಟ್ಯೂಷನ್ ಇರುತ್ತದೆ, ಹಾಗಾಗಿ ಅವಳು ಯುಕೆಜಿಯಲ್ಲಿದ್ದಾಗಿನಿಂದ ಎರಡು ಜಡೆ ಅವನೇ ಹಾಕುವುದು. ಬೋಲ್ಟು ಬಿಗಿದ ಹಾಗೆ ಬಿಗಿಯುತ್ತಾನೆ, ಸಂಜೆಯಾದರೂ ಒಂದು ಕೂದಲು ಆಚೆ ಬರುವುದಿಲ್ಲ. ಅವಳು ಅಯ್ಯೋ ಅಪ್ಪ ಎಂದು ಕೂಗುತ್ತಾಳೆ, ಅವನು ಅಲ್ಲಾಡಬೇಡ ಎಂದು ಗದರುತ್ತಾನೆ, ದಿನವೂ ಇದೇ. ಆ ಸಭೆಯಾದ ಮೇಲೆ ಜಡೆ ಹಾಕುತ್ತಲೇ ಒಂದು ಪ್ರಶ್ನೆ ಸೇರಿಸಿಕೊಂಡ. "ಗೇಮಲ್ಲಿ ಯಾರಾದ್ರೂ ಮಾತಾಡ್ಸಿದ್ರಾ ಪುಟ್ಟಾ? ಏನೇ ಆದ್ರೂ ಹೇಳು, ನಾನ್ ಬೈಯಲ್ಲ."

ಒಂದು ಬೆಳಿಗ್ಗೆ ಅವಳು ಹೇಳಿದಳು. ಅವಳು ಆಡುವ ಆಟದಲ್ಲಿ ಚಾಟ್ ಮಾಡಬಹುದು. ಕೆಂಗೇರಿಯಲ್ಲಿ ಆರನೇ ಕ್ಲಾಸ್ ಓದುವ ಹುಡುಗಿ ಎಂದು ಹೇಳಿಕೊಂಡು ಯಾರೋ ಸ್ನೇಹ ಮಾಡಿದ್ದರು. ಮೊದಲು ಶಾಲೆ ಯಾವುದೆಂದು ಕೇಳಿದ್ದಾಯಿತು. ಆಮೇಲೆ ಯೂನಿಫಾರ್ಮಿನಲ್ಲಿ ಒಂದು ಫೋಟೋ ಕೇಳಿದರು, ಇವಳು ಕಳಿಸಿದ್ದಳು. ಈಗ ಕೋಣೆಯ ಬಾಗಿಲು ಹಾಕಿಕೊಂಡು ವಿಡಿಯೋ ಕಾಲ್ ಮಾಡು, ಮಾಡದಿದ್ದರೆ ನಿನ್ನ ಶಾಲೆಗೇ ಬರುತ್ತೇನೆ, ಮನೆಯಲ್ಲಿ ಹೇಳಬೇಡ ಎಂದು ಬಂದಿತ್ತು.

ಅವನು ಬೈಯಲಿಲ್ಲ. ರಿಬ್ಬನ್ ಕಟ್ಟಿ ಮುಗಿಸಿ, "ಹೇಳಿದ್ದು ಒಳ್ಳೇದಾಯ್ತು ಪುಟ್ಟಾ," ಎಂದ. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಫೋನು ಕೈಗೆ ಕೊಟ್ಟ. ಮೊದಲಿನಿಂದ ಕೊನೆಯವರೆಗೆ ಓದಿದೆ.

"ಬ್ಲಾಕ್ ಮಾಡು, ಗೇಮ್ ತೆಗೆದುಹಾಕು, ಮುಗೀತು," ಎಂದೆ. "ಸ್ಟೇಷನ್‌ಗೆ ಹೋದ್ರೆ ಮೊದ್ಲು ಕೇಳೋದೇ ತಂದೆ ಹೆಸ್ರು. ಓನರ್ ಆಂಟಿಗೆ ತಿಳಿದ್ರೆ ಮನೆ ಖಾಲಿ ಮಾಡ್ಸ್ತಾರೆ. ಸ್ಕೂಲಲ್ಲಿ ತಿಳಿದ್ರೆ ಇವಳ ಗತಿ ಏನು?"

"ಇವಳ ಫೋಟೋ ಅವನ ಹತ್ರ ಇದೆ. ಸ್ಕೂಲ್ ಗೊತ್ತಿದೆ. ಇವಳನ್ನ ಬಿಟ್ರೂ ಇನ್ನೊಂದು ಮಗೂನ ಹುಡುಕ್ತಾನೆ. ಸುಮ್ನೆ ಇರು ಅಂತೀಯಾ?"

"ಹಾಗಾದ್ರೆ ನಾನೊಬ್ಳೇ ಕರ್ಕೊಂಡು ಹೋಗ್ತೀನಿ."

"ಅವಳು ಹೇಳಿದ್ದು ನನ್ ಹತ್ರ. ನಾನು ಬರ್ತೀನಿ."

ಸ್ಟೇಷನ್ನಿನಲ್ಲಿ ಒಬ್ಬರು ಮಹಿಳಾ ಎಸ್‌ಐ ಇದ್ದರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಿಸ್ಕತ್ತು ತರಿಸಿಕೊಟ್ಟು, ನಿಧಾನವಾಗಿ ಕೇಳಿ ಬರೆದುಕೊಂಡರು. ಏನನ್ನೂ ಅಳಿಸದೆ ಫೋನು ತಂದದ್ದಕ್ಕೆ ನನ್ನ ಗಂಡನನ್ನು ಹೊಗಳಿದರು ಕೂಡ. "ನಿಮ್ಮಂಥ ತಂದೆಯರಿದ್ರೆ ನಮ್ ಕೆಲ್ಸ ಎಷ್ಟೋ ಸುಲಭ," ಎಂದರು. ಅವನು ನಾಚಿಕೊಂಡು ನೆಲ ನೋಡಿದ. ಅಷ್ಟರಲ್ಲಿ ಒಳಗೆ ಬಂದವರು ನಮ್ಮ ಮನೆಗೆ ಜರ್ಕಿನ್ ಹಾಕಿಕೊಂಡು ಬರುವ ಪೇದೆ. ಇವನನ್ನು ನೋಡಿ ನಿಂತರು, ಅವರ ಮುಖ ಸಪ್ಪಗಾಯಿತು. ಹೇಳದೆ ಇರುವ ಹಾಗೂ ಇರಲಿಲ್ಲವೇನೋ, ಮೇಡಂ ಹತ್ತಿರ ಬಗ್ಗಿ ಮೆಲ್ಲಗೆ ಏನೋ ಹೇಳಿದರು.

ಮೇಡಂ ಪೆನ್ನು ಕೆಳಗಿಟ್ಟರು. ಅದುವರೆಗೆ ನನ್ನ ಗಂಡನಿಗೆ ನೀವು, ತಾವು ಎನ್ನುತ್ತಿದ್ದವರು, "ಏಯ್, ನೀನು ಹೊರಗೆ ಬೆಂಚ್ ಮೇಲೆ ಕೂತ್ಕೋ ಹೋಗು," ಎಂದರು.

ಅವನು ಎದ್ದು ಹೋಗಿ ಕೂತ. ತೆರೆದ ಬಾಗಿಲಿನಿಂದ ಅವನ ಬೆನ್ನು ಕಾಣುತ್ತಿತ್ತು, ಒಳಗಿನ ಮಾತು ಅವನಿಗೆ ಕೇಳುವಷ್ಟು ಹತ್ತಿರ. ಮಗಳು ಬಿಸ್ಕತ್ತು ಹಿಡಿದುಕೊಂಡು ಆ ಬೆನ್ನನ್ನೇ ನೋಡಿದಳು.

ಆಮೇಲೆ ಪ್ರಶ್ನೆಗಳು ಬದಲಾದವು. ಅಪ್ಪ ಅಂದ್ರೆ ಭಯ ಆಗುತ್ತಾ? ಅಪ್ಪ ನಿನ್ನ ಫೋನ್ ನೋಡ್ತಾರಾ? ಅಮ್ಮ ಇಲ್ಲದಾಗ ಮನೇಲಿ ಯಾರಿರ್ತಾರೆ? ಬೆಳಿಗ್ಗೆ ನಿನ್ನ ರೆಡಿ ಮಾಡೋರು ಯಾರು? "ಅಪ್ಪ ಜಡೆ ಹಾಕ್ತಾರೆ," ಎಂದು ಮಗಳು ಎರಡೂ ಜಡೆ ಎತ್ತಿ ತೋರಿಸಿದಳು. ಮೇಡಂ ಅದನ್ನೂ ಬರೆದುಕೊಂಡರು.

ನನಗೆ ತಡೆಯಲಾಗಲಿಲ್ಲ. ಮಗಳನ್ನು ಪೇದೆಯ ಜೊತೆ ನೀರು ಕುಡಿಯಲು ಕಳಿಸಿ, "ಮೇಡಂ, ಆ ಕೇಸಲ್ಲಿರೋ ಹುಡುಗಿ ನಾನೇ," ಎಂದೆ. ಅವರು ನನ್ನ ಮುಖ ನೋಡಿದರು. ನಂಬಿದರು ಎಂದೇ ನನಗೆ ಅನಿಸಿತು. "ಇರಬಹುದಮ್ಮ. ಆದ್ರೆ ರೆಕಾರ್ಡಲ್ಲಿ ಹುಡುಗಿ ಹೆಸ್ರು ಇರಲ್ಲ. ಸೆಕ್ಷನ್ ಇರುತ್ತೆ ಅಷ್ಟೇ. ಮಗು ವಿಷಯ, ನಾನು ಕೇಳ್ಲೇಬೇಕು," ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟೋ ಪ್ರಯತ್ನಪಟ್ಟೆ. ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಅದನ್ನೇ ಕೇಳುತ್ತಿದ್ದೆ. ಅವರು ಕೇಳಿದ್ದು ಸರಿ, ಅವನು ಬಂದದ್ದೂ ಸರಿ, ಆದರೂ ಆ ಬೆನ್ನು ನೋಡುತ್ತಾ ನನಗೆ ಅಳು ಬಂತು.

ದೂರು ದಾಖಲಾಯಿತು. ಹೊರಗೆ ಬಂದಾಗ ಅವನು ಬೆಂಚಿನ ತುದಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಕೇಸು ನಡೆಯುತ್ತಿದ್ದ ದಿನಗಳಲ್ಲಿ ಕೋರ್ಟಿನ ಕಾರಿಡಾರಿನಲ್ಲೂ ಹಾಗೇ ಕೂರುತ್ತಿದ್ದ. ಮಗಳು ಓಡಿಹೋಗಿ ಅವನ ಕೈ ಹಿಡಿದಳು. ಅವನು ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಕೈ ಬಿಡಿಸಿಕೊಂಡ.

ಮಾರನೆಯ ಬೆಳಿಗ್ಗೆ ಟ್ಯೂಷನ್ನಿನ ನಡುವೆ ನನ್ನನ್ನು ಒಳಗೆ ಕರೆದು ಬಾಚಣಿಗೆ ಕೊಟ್ಟ. ಇಷ್ಟು ವರ್ಷ ಇಲ್ಲಿದ್ದು ಅವನ ಮಾತು ಬೆಂಗಳೂರಿನದೇ ಆಗಿದೆ, ನೋವಾದಾಗ ಮಾತ್ರ ಊರಿನದು ಬರುತ್ತದೆ. "ಇನ್ನ ಮ್ಯಾಲೆ ನೀನ ಬಾಚು," ಎಂದ. ಈಗ ಮಗಳಿಗೆ ಲೆಕ್ಕ ಹೇಳಿಕೊಡುವಾಗಲೂ ಎದುರಿನ ಗೋಡೆಗೆ ಒರಗಿ ದೂರ ಕೂರುತ್ತಾನೆ. ಎಷ್ಟು ಸೊಳ್ಳೆ ಬಂದರೂ ಬಾಗಿಲು ಹಾಕಗೊಡುವುದಿಲ್ಲ. ಒಂದು ದಿನ ನಾನು ಜಗಳಕ್ಕೇ ನಿಂತೆ. "ಏನ್ ತಪ್ಪು ಮಾಡಿದೀಯಾ ಅಂತ ಹಿಂಗಾಡ್ತೀಯಾ ನೀನು?"

"ನಾಳೆ ಸ್ಟೇಷನ್ನಲ್ಲಿ ಅವಳನ್ನ ಮತ್ತೆ ಕೇಳಿದ್ರೆ, ಹೇಳೋಕೆ ಅವಳ ಹತ್ರ ಏನೂ ಇರಬಾರ್ದು," ಎಂದ.

ಕೆಂಗೇರಿಯ ಆ ಹುಡುಗಿ ಹುಡುಗಿಯಲ್ಲ, ಬೇರೆ ಯಾವುದೋ ಊರಿನ ಗಂಡಸು, ಹುಡುಕುತ್ತಿದ್ದೇವೆ ಎಂದು ಪೊಲೀಸರು ತಿಳಿಸಿದರು.

ಹೋದ ವಾರ ಮಗಳ ತಲೆ ಬಾಚುತ್ತಾ ಅವನ ಪ್ರಶ್ನೆಯನ್ನು ನಾನೇ ಕೇಳಿದೆ. ನಾನು ಹಾಕುವ ಜಡೆ ಮಧ್ಯಾಹ್ನಕ್ಕೇ ಸಡಿಲವಾಗುತ್ತದೆ, ಅವಳು ಪಾಪ ಏನೂ ಹೇಳುವುದಿಲ್ಲ.

"ಮತ್ತೆ ಯಾರಾದ್ರೂ ಮೆಸೇಜ್ ಮಾಡಿದ್ರಾ ಪುಟ್ಟಾ?"

"ಒಬ್ರು ಮಾಡಿದ್ರು. ಬೇರೆ ಗೇಮಲ್ಲಿ. ಮನೆ ಎಲ್ಲಿ ಅಂತ ಕೇಳಿದ್ರು. ನಾನೇ ಡಿಲೀಟ್ ಮಾಡ್ದೆ."

"ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸ್ಟೇಷನ್‌ಗೆ ಹೋಗ್ಬೇಕಾಗುತ್ತೆ. ಅಪ್ಪನ್ನ ಮತ್ತೆ ಹೊರಗೆ ಕೂರಿಸ್ತಾರೆ."

ವರ್ಕ್‌ಶಾಪಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವನು ಹಾಗೇ ನಿಂತ. ಮಗಳು ಅವನನ್ನು ನೋಡಿರಲಿಲ್ಲ. ನನ್ನ ಕಡೆ ತಿರುಗಿ, "ನೀನೂ ಹೇಳ್ಬೇಡ ಅಮ್ಮ," ಎಂದು ಪಿಸುಗುಟ್ಟಿದಳು.